ಅತ್ತೆ ತೆಗೆಸಿದ ಕಾಗೆಯ ಫೋಟೋ

ಬಾಲ್ಕನಿಯಲ್ಲಿ ಮಗಳು ಇಟ್ಟ ಪಪ್ಪಾಯಿ ಹಣ್ಣಿನ ತುಂಡಿಗೆ ಇವತ್ತು ಬೆಳಿಗ್ಗೆ ಬುಲ್‌ಬುಲ್ ಬಂದಿತ್ತು. ಮೊಬೈಲಿನಲ್ಲಿ ಪಟಪಟನೆ ಫೋಟೋ ತೆಗೆದು ತೋರಿಸಿದಳು. ಜುಟ್ಟಿನ ಒಂದೊಂದು ಗರಿಯೂ ಕಾಣುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು!

ತೊಂಬತ್ತರ ದಶಕದಲ್ಲಿ ಹಲಸೂರಿನ ಒತ್ತೊತ್ತು ಮನೆಗಳ ಸಾಲಿನಿಂದ ಕಗ್ಗದಾಸಪುರಕ್ಕೆ ಸೊಸೆಯಾಗಿ ಬಂದವಳು ನಾನು. ಅಲ್ಲಿಯವರೆಗೆ ಪಾರಿವಾಳ ಬಿಟ್ಟರೆ ಬೇರೆ ಹಕ್ಕಿಯನ್ನು ಕಣ್ಣೆತ್ತಿ ನೋಡಿದವಳಲ್ಲ. ಇಲ್ಲಿ ನೋಡಿದರೆ ಹಿತ್ತಲು, ಅದರಲ್ಲೊಂದು ನುಗ್ಗೆಮರ, ಚಳಿಗಾಲದ ಮಂಜಿನಲ್ಲಿ ಮರದ ತುಂಬ ಚಿಲಿಪಿಲಿ. ತೆಂಗಿನ ಚಿಪ್ಪಿಗೆ ನವಣೆ ತುಂಬಿ ತೂಗುಹಾಕಿದೆ. ಯಜಮಾನರ ಕ್ಯಾಮೆರಾ ಹಿಡಿದು ಬಚ್ಚಲುಮನೆ ಕಿಟಕಿಯಲ್ಲಿ ಕಾದೆ. ನಾನು ಗುಂಡಿ ಒತ್ತುವುದಕ್ಕೂ ಹಕ್ಕಿ ಹಾರುವುದಕ್ಕೂ ಅದೇನು ಒಪ್ಪಂದವಿತ್ತೋ! ರೋಲು ತೊಳೆದುಕೊಟ್ಟ ಸ್ಟುಡಿಯೋದವನು, "ಏನಕ್ಕಾ, ಬರೀ ನುಗ್ಗೇಕಾಯಿ ಫೋಟೋ ತೆಗ್ದಿದೀರ?" ಎಂದು ನಕ್ಕ.

ನನ್ನ ಹುಚ್ಚಾಟವನ್ನು ಅತ್ತೆ ಕಂಡೂ ಕಾಣದಂತಿದ್ದರು. ಅವರಿಗಿದ್ದದ್ದು ಒಂದೇ ಹಕ್ಕಿ, ಕಾಗೆ. ನಾನು ಬರುವ ಮೊದಲೇ ಮಾವ ತೀರಿಕೊಂಡಿದ್ದರು. ದಿನಾ ಒಲೆಯಿಂದಿಳಿಸಿದ ಮೊದಲ ಅನ್ನವನ್ನು ಬಾಳೆಲೆ ಚೂರಿನಲ್ಲಿ ಹಿತ್ತಲ ಗೋಡೆಯ ಮೇಲಿಟ್ಟು, "ಕಾ ಕಾ" ಎಂದು ಕರೆದು, ಹಿಂತಿರುಗಿ ನೋಡದೆ ಒಳಗೆ ಬಂದುಬಿಡುತ್ತಿದ್ದರು. ಹಿರಿಯರಿಗೆ ಎಡೆಯಿಟ್ಟು ಕೋಣೆಯ ಬಾಗಿಲು ಮುಚ್ಚುವ ಮನೆ ಅದು. ಎಡೆಯಿಟ್ಟವರು ಇಣುಕಿದರೆ ಉಣ್ಣಲು ಬಂದವರು ಹಾಗೇ ಎದ್ದುಹೋಗುತ್ತಾರಂತೆ. ಆಮೇಲೆ ಹೋಗಿ ನೋಡಿದರೆ ಎಲೆ ಖಾಲಿ. ತಿಂದದ್ದು ಕಾಗೆಯೋ ಅಳಿಲೋ, ಗೊತ್ತಾಗುವುದು ಹೇಗೆ?

ಒಂದು ಬೆಳಿಗ್ಗೆ ನನ್ನ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತರು. "ಅವ್ವಾ, ನಿನ್ ಕ್ಯಾಮ್ರಾದಲ್ಲಿ ನಮ್ ಕಾಗೆ ಹಿಡ್ಕೊಡ್ತೀಯಾ?"

"ನೋಡ್ಬಾರ್ದು ಅಂತೀರಲ್ಲ ಅತ್ತೆ?"

"ಕಣ್ಣಲ್ ನೋಡ್ಬಾರ್ದು. ಫೋಟೋದಲ್ ನೋಡ್ಬಾರ್ದು ಅಂತ ಯಾರ್ ಹೇಳವ್ರೆ?"

ನನಗೆ ನಗು ಬಂತು. ಅವರು ನಗಲಿಲ್ಲ. "ಆವತ್ತು ನಿಮ್ ಮಾವ ಉಣ್ಣಕ್ ಕೂತಿದ್ರು. ಏನ್ ಕಡ್ದು ಕಟ್ಟೆ ಹಾಕಿದೀರಿ ಅಂತ ಅಂದ್ಬುಟ್ಟೆ. ತಟ್ಟೆ ಬುಟ್ಟು ಎದ್ದೋದೋರು ಮನೆಗ್ ಬಂದಿದ್ದು ಹೆಣವಾಗಿ. ನಾನಿಟ್ಟ ಅನ್ನ ಈಗ ತಿಂತಾವ್ರೋ ಇಲ್ವೋ, ಅದೊಂದು ಗೊತ್ತಾಗ್ಬೇಕು ಕಣವ್ವ" ಎಂದರು.

ಅಂದಿನಿಂದ ಬುಲ್‌ಬುಲ್ ಗಿಲ್‌ಬುಲ್ ಎಲ್ಲ ಮರೆತು ಕಾಗೆಯ ಬೆನ್ನುಹತ್ತಿದೆ. ಕಾಗೆಯ ಫೋಟೋ ತೆಗೆಯುವುದು ಸಲೀಸು ಎಂದುಕೊಂಡಿರಾ? ಬಿಸಿಲಿಗೆ ಎದುರಾಗಿ ತೆಗೆದದ್ದೆಲ್ಲ ಮಸಿಯ ಉಂಡೆ; ತಲೆ ಯಾವುದು ಬಾಲ ಯಾವುದು ತಿಳಿಯದು. ಅತ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದು, "ಬಣ್ಣವೇನೋ ಅವರ್ದೇ. ಬಾಯಿ ಕಾಣಾಕಿಲ್ವಲ್ಲ" ಎಂದು ಸಪ್ಪಗಾಗುತ್ತಿದ್ದರು. ಕೊನೆಗೆ, ಬಿಸಿಲು ನನ್ನ ಬೆನ್ನಿಗೆ ಬರುವಂತೆ, ಎಲೆಯನ್ನು ಗೋಡೆಯ ಇನ್ನೊಂದು ತುದಿಯಲ್ಲಿಡಲು ಹೇಳಿದೆ. "ಜಾಗ ಬದ್ಲಾದ್ರೆ ಹುಡುಕಾಡ್ತಾರೇನೋ" ಎಂದು ಗೊಣಗಿಕೊಂಡೇ ಇಟ್ಟರು.

ಆ ರೋಲಿನ ಫೋಟೋಗಳನ್ನು ನಾನು ತಂದಾಗ ಅತ್ತೆ ಅಡುಗೆಮನೆಯಲ್ಲಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಒಂದನ್ನು ತೆಗೆದುಕೊಂಡರು. ಎಲೆಯ ಒಂದು ಅಂಚಿನಲ್ಲಿ ಅಳಿಲು, ಇನ್ನೊಂದು ಅಂಚಿನಲ್ಲಿ ಜೋಡಿ ಮೈನಾ, ನಡುವೆ ಕಾಗೆ, ಕೊಕ್ಕಿನ ತುಂಬ ಅನ್ನ. ಬಹಳ ಹೊತ್ತು ನೋಡಿದರು.

"ಕೋಪ ಇಲ್ಲ ಬುಡು" ಎಂದರು. "ನೋಡು, ಜೊತೆಗ್ ಜನಾನ ಕೂರಿಸ್ಕೊಂಡು ತಿಂತಾವ್ರೆ." ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ, "ಅವ್ವಾ, ನಂಗೂ ಒಂದಿಷ್ಟು ಬಡ್ಸು. ಹೊಟ್ಟೆ ಹಸೀತೈತೆ" ಎಂದರು. ಅವರ ಬಾಯಲ್ಲಿ ಹಸಿವು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಚೆನ್ನಾಗಿದೆ ಅಲ್ವಾಮ್ಮಾ?" ಎಂದು ಮಗಳು ಬುಲ್‌ಬುಲ್ ಫೋಟೋ ತೋರಿಸುತ್ತ ಇನ್ನೂ ಕೇಳುತ್ತಲೇ ಇದ್ದಳು.

"ತುಂಬಾ ಚೆನ್ನಾಗಿದೆ, ಕೊಡಿಲ್ಲಿ" ಎಂದು ಮೊಬೈಲು ಕಸಿದು ಯಜಮಾನರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಯಾವುದೋ ಕೆಲಸಕ್ಕೆ ಬಾರದ ಮಾತಿಗೆ ನಮ್ಮಿಬ್ಬರಿಗೂ ಜಗಳವಾಗಿ, ದೋಸೆಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋಗಿದ್ದರು.

"ಏನೇ?" ಎಂದರು, ನನ್ನ ದನಿ ಕೇಳಿ ಬಿಗುವಾಗಿ.

"ಏನಾದ್ರೂ ತಿಂದ್ರಾ?"

"ಇಲ್ಲ."

"ಹಂಗಾದ್ರೆ ಮನೆಗ್ ಬನ್ನಿ, ಬಿಸಿಬಿಸಿ ಹಾಕಿಕೊಡ್ತೀನಿ. ಮಾತೇ ಆಡಲ್ಲ, ಸುಮ್ನೆ ಎದುರಿಗೆ ಕೂತಿರ್ತೀನಿ. ನೀವು ತಿನ್ನೋದನ್ನ ನಾನು ನೋಡ್ಬೇಕು."