ಫೋನಿನೊಳಗಿನ ಗೆರಿಟ್ ಅಜ್ಜ
ಆಫ್ರಿಕಾದ ಚಿಪಾಟಾ ಊರಿನ ನಮ್ಮ ಶೇಂಗಾ ಬೆಣ್ಣೆ ಗಿರಣಿಗೆ ಗೆರಿಟ್ ಅಜ್ಜ ಹಾಲೆಂಡಿನಿಂದ ಪ್ರತಿ ಮಂಗಳವಾರ ಫೋನಿನ ಪರದೆಯಲ್ಲಿ ಬರುತ್ತಾನೆ; ಬಿಟ್ಟಿ ಸಲಹೆಗಾರ, ಬಿಡದ ಸಲಹೆಗಾರ. "ಕಾಳು ಒಣಗಿದ್ಯಾ? ಬೂಷ್ಟು ಹಿಡಿದದ್ದು ಆರಿಸಿದ್ರಾ? ಕೈ ತೊಳ್ಕೊಂಡ್ರಾ?" ಕರೆಂಟು ಹೋಗಿ ಗಿರಣಿ ನಿಂತರೂ ಅವನ ಬಾಯಿ ನಿಲ್ಲುವುದಿಲ್ಲ. "ಈ ಮುದುಕನ್ನ ಮನೇಲಿ ಯಾರೂ ಮಾತಾಡ್ಸಲ್ವೇನೇ?" ಎಂದು ಒಡತಿ ಜೆಲಿಪಾ ನನ್ನ ಕಿವಿಯಲ್ಲಿ ಗೊಣಗುತ್ತಾಳೆ. ಮೊನ್ನೆ ಕಾಳು ಸಿಕ್ಕಿಕೊಂಡಿತೆಂದು ಅವಳು ಓಡುತ್ತಿದ್ದ ಯಂತ್ರದ ಬಾಯಿಗೇ ಕೈ ಹಾಕಿದಳು. "ನಿಲ್ಸು!" ಎಂದು ಅಜ್ಜ ಕಿರುಚಿದ ರಭಸಕ್ಕೆ ನಾನು ಯಂತ್ರ ನಿಲ್ಲಿಸುವ ಗುಂಡಿ ಒತ್ತಿಬಿಟ್ಟೆ. "ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದೀನಿ, ನಿಂಗೇನಜ್ಜಾ ಗೊತ್ತು?" ಎಂದು ಜೆಲಿಪಾ ರೇಗಿದಳು. ಇಷ್ಟು ದಿನ ಬರೀ ಮುಖ ತೋರಿಸಿದ್ದ ಅಜ್ಜ ಬಲಗೈ ಎತ್ತಿ ಪರದೆಗೆ ಹಿಡಿದ. ಅದರಲ್ಲಿ ಹೆಬ್ಬೆರಳೊಂದೇ ಇತ್ತು. ಜೆಲಿಪಾ ತನ್ನ ಹತ್ತೂ ಬೆರಳನ್ನು ಸೊಂಟದ ಬಟ್ಟೆಗೆ ನಿಧಾನವಾಗಿ ಒರೆಸಿಕೊಂಡು, "ಊಟ ಆಯ್ತಾ, ಅಜ್ಜಾ?" ಎಂದು ಮೊದಲ ಸಲ ಕೇಳಿದಳು.