ಖಾಲಾ ಒಡೆದ ಬೀಗ

ನಾನು ಎರಡನೇ ಕ್ಲಾಸಿಗೆ ಸೇರಬೇಕಿದ್ದ ವರ್ಷ ನಾವು ವಿಜಯಪುರದ ಕಡೆಯಿಂದ ಮುಂಬೈಗೆ ಬಂದು ಪರೇಲಿನಲ್ಲಿ, ಉದ್ದ ಗ್ಯಾಲರಿಗೆ ಒಂದೊಂದು ಕೋಣೆಯ ಮನೆಗಳು ಸಾಲಾಗಿದ್ದ ಹಳೆಯ ಚಾಳೊಂದರಲ್ಲಿ ಬಿಡಾರ ಹೂಡಿದೆವು. ಅಪ್ಪ ಗಾರೆ ಕೆಲಸಕ್ಕೆ, ಅವ್ವ ಮನೆಮನೆಯ ಪಾತ್ರೆ ತಿಕ್ಕಲು ಹೋಗುತ್ತಿದ್ದರು. ಮುಂಬೈಯಲ್ಲಿ ಮಕ್ಕಳನ್ನು ಕದ್ದೊಯ್ಯುತ್ತಾರೆ ಎಂದು ಊರಲ್ಲಿ ಯಾರೋ ಅವ್ವನ ಕಿವಿಗೆ ಹಾಕಿದ್ದರು. ಹಾಗಾಗಿ ಅವಳು ನನ್ನನ್ನು ಒಳಗೆ ಕೂರಿಸಿ, ಹೊರಗಿನಿಂದ ಬೀಗ ಜಡಿದು ಹೋಗುತ್ತಿದ್ದಳು.

ಚಾಳಿನಲ್ಲಿ ಹಗಲು ಎಲ್ಲರ ಬಾಗಿಲೂ ತೆರೆದೇ ಇರುತ್ತದೆ. ಮುಚ್ಚಿದ ಬಾಗಿಲು ನಮ್ಮದೊಂದೇ. ಪಕ್ಕದ ಖೋಲಿಯ ಹಸೀನಾ ಖಾಲಾ ಕೂಡ ನಮ್ಮ ಕಡೆಯವರು; ಚಿಕ್ಕಮ್ಮ ಎನ್ನುವಂತೆ ಮಕ್ಕಳೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದರು. ಹೊಸ್ತಿಲಲ್ಲಿ ಕೂತು ಸೀರೆಗಳಿಗೆ ಮಣಿ ಹೊಲಿಯುತ್ತಿದ್ದರು.

"ಹಿಂಗ ಕೂಸಿನ್ನ ಕೂಡಿಹಾಕಬ್ಯಾಡವ್ವಾ. ನನ್ ಕಡೆ ಬಿಟ್ಟು ಹೋಗು," ಎಂದು ಅವರು ಹೇಳಿದರೆ ಅವ್ವ, "ಇರ್ಲಿ ಬಿಡ್ರಿ, ಆಕಿಗೆ ರೂಢಿ ಐತಿ," ಎಂದು ಜಾರಿಕೊಳ್ಳುತ್ತಿದ್ದಳು. ಗುರುತು ಪರಿಚಯವಿಲ್ಲದವರನ್ನು ಹೇಗೆ ನಂಬುವುದು ಎಂದು ಅವಳ ಚಿಂತೆ.

ಒಂದು ಮಧ್ಯಾಹ್ನ ನನಗೆ ಚಹಾ ಕುಡಿಯುವ ಆಸೆಯಾಯಿತು. ಅವ್ವ ಮುಟ್ಟಬೇಡ ಎಂದಿದ್ದ ಸ್ಟೌವನ್ನೇ ಹಚ್ಚಿದೆ. ಭಗ್ಗೆಂದು ಎದ್ದ ಉರಿ, ಮೇಲೆ ಹಗ್ಗದಲ್ಲಿ ಒಣಗುತ್ತಿದ್ದ ಬಟ್ಟೆಗೆ ಹತ್ತಿತು. ಬಾಗಿಲು ಬಡಿದು ಕಿರುಚಿದೆ. ಹೊಗೆ ತುಂಬಿ ಉಸಿರು ಕಟ್ಟುತ್ತಿತ್ತು. ಹೊರಗೆ ಧಡಧಡ ಸದ್ದು ಕೇಳಿಸಿತು. ಮಸಾಲೆ ಅರೆಯುವ ಗುಂಡುಕಲ್ಲಿನಿಂದ ಖಾಲಾ ಬೀಗ ಜಜ್ಜುತ್ತಿದ್ದರು. ಬಾಗಿಲು ತೆರೆದದ್ದೇ ನನ್ನನ್ನು ಹೊರಗೆಳೆದು, ಒದ್ದೆ ಗೋಣಿಚೀಲ ಹಾಕಿ ಬೆಂಕಿ ಆರಿಸಿದರು.

ಸಂಜೆ ಕೆಲಸದಿಂದ ಬಂದ ಅವ್ವನಿಗೆ ಮೊದಲು ಕಂಡದ್ದು ಮುರಿದ ಬೀಗ. ಅಷ್ಟಕ್ಕೇ ಗ್ಯಾಲರಿಯೇ ನಡುಗುವಂತೆ ಕೂಗಿದಳು. "ಯಾವ ಕಳ್ಳರ್ರೀ ನಮ್ಮ ಮನಿ ಕೀಲಿ ಒಡದವ್ರು?"

"ನಾನs ಒಡದೀನಿ," ಎಂದರು ಖಾಲಾ, ಒಳಗಿನಿಂದಲೇ.

"ನೀನಾ? ಕಳ್ಳಿ! ಅದಕ್ಕs ಏನು ದಿನಾ ಕೂಸಿನ್ನ ನನ್ ಕಡೆ ಬಿಡು ಅಂತಿದ್ದಿ?"

"ಬೈಯೂದು ಆಮ್ಯಾಲ ಬೈಯಿ. ಮದ್ಲ ನಿನ್ನ ಮಗಳ್ನ ನೋಡು ಬಾ."

ನಾನು ಖಾಲಾನ ತೊಡೆಯ ಮೇಲಿದ್ದೆ. ನನ್ನನ್ನು ನೋಡಿ, ನಮ್ಮ ಖೋಲಿಯ ಕರಕಲಾದ ಗೋಡೆ ನೋಡಿ ಬಂದು ಅವ್ವ ಖಾಲಾನ ಪಕ್ಕ ಕೂತಳು. ಖಾಲಾನ ಹೆಬ್ಬೆರಳು ಕಲ್ಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಇನ್ನು ಎಷ್ಟೋ ದಿನ ಅವರಿಂದ ಸೂಜಿ ಹಿಡಿಯಲಾಗುವಂತಿರಲಿಲ್ಲ. ಅವ್ವ ಅರಿಸಿನ ತಂದು ಆ ಬೆರಳಿಗೆ ಮೆತ್ತಿ, ಬಹಳ ಹೊತ್ತು ಆ ಕೈ ಹಿಡಿದುಕೊಂಡೇ ಕೂತಿದ್ದಳು. ಮರುದಿನದಿಂದ ನಾನು ಖಾಲಾನ ಹೊಸ್ತಿಲಲ್ಲೇ ಬೆಳೆದೆ.

ಈಗ ನಾನಿರುವುದು ಇದೇ ಮುಂಬೈಯ ಪವಾಯಿಯ ದೊಡ್ಡ ಬಿಲ್ಡಿಂಗಿನಲ್ಲಿ. ಇಲ್ಲಿ ಎಲ್ಲರ ಬಾಗಿಲೂ ಮುಚ್ಚಿಯೇ ಇರುತ್ತದೆ. ಮೊನ್ನೆ ಎದುರು ಫ್ಲ್ಯಾಟಿನ ಮಗು ಒಂದೇ ಸಮನೆ ಅಳುತ್ತಿತ್ತು. ಅವರು ಏನಂದುಕೊಂಡಾರೋ ಎಂದು ಹಿಂಜರಿದೆ. ಖಾಲಾ ನೆನಪಾಗಿ ನನಗೇ ನಾಚಿಕೆಯಾಯಿತು. ಹೋಗಿ ಬೆಲ್ ಒತ್ತಿದೆ.

ಬಾಗಿಲು ತೆರೆದ ತಾಯಿ, "ದಾಂತ್ ಆ ರಹೇ ಹೈಂ, ಇಸೀಲಿಯೇ ರೋ ರಹಾ ಹೈ," ಹಲ್ಲು ಬರುತ್ತಿದೆ, ಅದಕ್ಕೇ ಅಳು ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇವಳಿಗೇಕೆ ಬೇಕಿತ್ತು ಊರ ಉಸಾಬರಿ ಎಂಬಂತಿತ್ತು ಆ ನೋಟ.

ನೋಡಲಿ ಬಿಡಿ. ಖಾಲಾ ಅಂದು ಕಳ್ಳಿಯೇ ಅನ್ನಿಸಿಕೊಂಡರು; ನನಗೆ ಸಿಕ್ಕಿದ್ದು ಬರೀ ಒಂದು ನೋಟ.