ಸೀಮೆಎಣ್ಣೆಗೆ ಹಸುವಿನ ಒಪ್ಪಿಗೆ

ಗೆಳೆಯರೇ, ಇವತ್ತು ನಸುಕಿನಲ್ಲಿ ನಮ್ಮ ಕೆಂಪು ಹಸು ಸೀಮೆಎಣ್ಣೆ ದೀಪದ ಬೆಳಕಿನಲ್ಲೇ ಚೊಂಬು ತುಂಬ ಹಾಲು ಕೊಟ್ಟಿತು. ಕೊಟ್ಟಿಗೆಯಿಂದ ಓಡಿಬಂದು ಈ ಸುದ್ದಿ ಹೇಳಿದವಳು ನನ್ನ ಹೆಂಡತಿ ನಾಗಮ್ಮ.

ಮನೆಯ ದೀಪಗಳಿಗೆ ಹರಳೆಣ್ಣೆ ಬಿಟ್ಟು ಸೀಮೆಎಣ್ಣೆ ತರೋಣವೇ ಎಂಬ ಚರ್ಚೆ ಪೊಂಗಲ್‌ನಿಂದ ನಡೆದಿದೆ. ಹರಳನ್ನು ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುವವಳು ನಾಗಮ್ಮ. ಅವಳ ಅಂಗೈಯ ಬೊಬ್ಬೆ ಆರಿದ್ದೇ ಇಲ್ಲ. ಬೋಡಿಮೆಟ್ಟಿನ ಅಂಗಡಿಯಿಂದ ನಾನು ಸೀಮೆಎಣ್ಣೆಯ ಹೊಸ ದೀಪ ತಂದಾಗ ಅವ್ವ, "ಆ ನಾತಕ್ಕೆ ಹಸು ಹಾಲು ಬಿಡಲ್ಲ. ಹಸು ಒಪ್ಪಿದರೆ ನಾನೂ ಒಪ್ಪುತ್ತೇನೆ" ಎಂದಿದ್ದಳು. ಮಂದೆಯ ಮುಂದೆ ಕಬ್ಬು ಚಾಚಿ, ಮೊದಲು ತಿಂದ ಹೋರಿಗೇ ದೇವರ ಹೋರಿಯ ಪಟ್ಟ ಕಟ್ಟುವ ಕುಲ ನಮ್ಮದು. ಹಾಗಾಗಿ ಯಾರೂ ನಗಲಿಲ್ಲ.

ಅವ್ವ ಚೊಂಬಿನೊಳಗೆ ಇಣುಕಿದಳು. "ಇದು ನಿನ್ನ ತವರು ಮಾರ್ಕಯನ್‌ಕೋಟ್ಟೈಯಿಂದ ಬಂದ ಹಸು, ತಾಯಿ; ನೀನು ಹೇಳಿದಂತೆಯೇ ಕೇಳುತ್ತೆ."

"ಹಾಗಾದರೆ ನಿಮ್ಮ ಕರಿ ಹಸುವನ್ನೇ ಕೇಳಿ ಅತ್ತೆ. ಅಲ್ಲಿವರೆಗೆ ನಾನು ಒನಕೆ ಮುಟ್ಟಲ್ಲ!"

ಅವ್ವ ಜೋರಾಗಿ ನಕ್ಕು, ಒನಕೆಯನ್ನು ತಾನೇ ಎತ್ತಿ ಮೂಲೆಗೆ ಒರಗಿಸಿದಳು.

ಬರುವ ಶುಕ್ರವಾರ ನಸುಕಿನಲ್ಲಿ, ಅದೇ ದೀಪದ ಬೆಳಕಿನಲ್ಲಿ, ಕರಿ ಹಸುವಿನ ಹಾಲನ್ನು ಅವ್ವನೇ ಕರೆಯುತ್ತಾಳೆ.